ಕಾಗದಕ್ಕೂ ಕಾಲ ಬರುತ್ತದೆ

ಪಠ್ಯಪುಸ್ತಕ ತಡವಾಗಿ ಬಂತು. ಗಣಿತಕ್ಕೆ ಮೇಷ್ಟರಿಲ್ಲ. ಬಂದವರಿಗೆ ಕನ್ನಡ ಬಾರದು. ಪ್ರಶ್ನೆಪತ್ರಿಕೆಯ ಕನ್ನಡ ಮಕ್ಕಳಿಗೆ ಅರ್ಥವಾಗಲಿಲ್ಲ. ಗಡಿಯಾಚೆಯ ಕನ್ನಡ ಶಾಲೆಗಳ ಪೋಷಕರು ಸೇರಿದ ಕಡೆ ಇಂಥ ಮಾತು ಕಿವಿಗೆ ಬೀಳುವುದು ಹೊಸದಲ್ಲ. ಆದರೆ ಯಾರಾದರೂ ಎದ್ದು ನಿಂತು, 'ಪುಸ್ತಕ ಬಂದದ್ದು ಯಾವ ತಾರೀಖಿಗೆ? ಯಾವ ತರಗತಿಗೆ, ಎಷ್ಟು ಮಕ್ಕಳಿಗೆ? ಯಾರಿಗೆ ಬರೆದು ತಿಳಿಸಿದಿರಿ? ಏನು ಉತ್ತರ ಬಂತು?' ಎಂದು ಕೇಳಿದರೆ ಹೆಚ್ಚಿನ ಕಡೆ ಉತ್ತರ ಸಿಗುವುದಿಲ್ಲ. ಅನ್ಯಾಯ ಆಗಿದೆ ಎಂಬುದು ಎಲ್ಲರಿಗೂ ಗೊತ್ತು. ಅದನ್ನು ತೋರಿಸುವ ಕಾಗದ ಮಾತ್ರ ಯಾರ ಬಳಿಯೂ ಇಲ್ಲ.

ಇದು ನಮ್ಮ ಊರಿನ ಕಷ್ಟ ಮಾತ್ರವಲ್ಲ. ಜಗತ್ತಿನಲ್ಲಿ ಮಾನವ ಹಕ್ಕುಗಳಿಗಾಗಿ ದುಡಿದವರೆಲ್ಲ ಇದನ್ನು ಎದುರಿಸಿದ್ದಾರೆ, ಅದೂ ಮಕ್ಕಳು ಮನೆಗೆ ಮರಳದ, ಹಳ್ಳಿಗಳೇ ಸುಟ್ಟುಹೋದ ಭೀಕರ ಸಂದರ್ಭಗಳಲ್ಲಿ. ಆ ದುಃಖಕ್ಕೂ ನಮ್ಮ ದೂರಿಗೂ ಹೋಲಿಕೆ ಮಾಡುವಂತಿಲ್ಲ. ಆದರೆ ಅವರು ಕಂಡುಕೊಂಡ ದಾರಿಯಿಂದ ಕಲಿಯುವುದು ಬಹಳ ಇದೆ. ಕಾರ್ಡು, ಕಡತಗಳಿಂದ ಶುರುವಾದ ಆ ಕೆಲಸ ಇಂದು ಕಂಪ್ಯೂಟರ್, ಮೊಬೈಲ್‌ಗಳವರೆಗೆ ಬಂದು ನಿಂತಿದೆ.

ಕರ್ತೃ, ಕರ್ಮ, ಕ್ರಿಯಾಪದ

1970ರ ದಶಕದಲ್ಲಿ ಹಲವು ದೇಶಗಳಲ್ಲಿ ಮಾನವ ಹಕ್ಕು ಸಂಘಟನೆಗಳು ಹುಟ್ಟಿಕೊಂಡವು. ಒಬ್ಬರು ಪತ್ರದ ರೂಪದಲ್ಲಿ ಬರೆದಿಡುತ್ತಿದ್ದರು, ಇನ್ನೊಬ್ಬರು ಪಟ್ಟಿ ಮಾಡುತ್ತಿದ್ದರು, ಮತ್ತೊಬ್ಬರು ಪತ್ರಿಕೆಯ ತುಣುಕು ಕತ್ತರಿಸಿ ಇಡುತ್ತಿದ್ದರು. ಒಂದು ಕಡೆಯ ಮಾಹಿತಿಯನ್ನು ಇನ್ನೊಂದು ಕಡೆಯ ಮಾಹಿತಿಯ ಜತೆ ಸೇರಿಸಿ ನೋಡಲು ಆಗುತ್ತಿರಲಿಲ್ಲ. ಈ ತೊಡಕು ಬಿಡಿಸಲೆಂದೇ 1982ರಲ್ಲಿ 'ಹುರಿಡಾಕ್ಸ್' ಎಂಬ ಅಂತಾರಾಷ್ಟ್ರೀಯ ಜಾಲ ಆರಂಭವಾಯಿತು. ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನ ಪ್ರಧಾನ ಕಾರ್ಯದರ್ಶಿಯಾಗಿದ್ದ ಮಾರ್ಟಿನ್ ಎನಲ್ಸ್ ಅದರ ಮೊದಲ ಅಧ್ಯಕ್ಷರು.

ಅವರು ರೂಪಿಸಿದ ಪದ್ಧತಿ ನಮ್ಮ ಮಕ್ಕಳು ಓದುವ ವ್ಯಾಕರಣದ ಪಾಠದಂತೆಯೇ ಇದೆ. ಪ್ರತಿ ಘಟನೆಗೂ ಕೇಳಬೇಕಾದ ಪ್ರಶ್ನೆ ಇಷ್ಟೇ: ಯಾರು, ಯಾರಿಗೆ, ಏನು ಮಾಡಿದರು? ಎಲ್ಲಿ, ಯಾವಾಗ? ಕರ್ತೃ, ಕರ್ಮ, ಕ್ರಿಯಾಪದ. ಅದರ ಮೇಲೆ ಸ್ಥಳ ಮತ್ತು ಕಾಲ.

ನೋಡಲು ಸರಳ. ಆದರೆ ನಿಜ ಜೀವನದ ಘಟನೆ ಒಂದೇ ಸಾಲಿನಲ್ಲಿ ಮುಗಿಯುವುದಿಲ್ಲ. ಒಬ್ಬನನ್ನು ಬಂಧಿಸುತ್ತಾರೆ, ಹೊಡೆಯುತ್ತಾರೆ, ಬೇರೆ ಠಾಣೆಗೆ ಸಾಗಿಸುತ್ತಾರೆ. ಮೂರು ಕೃತ್ಯ, ಮೂವರು ಬೇರೆ ಬೇರೆ ಅಧಿಕಾರಿಗಳು. ಅದೇ ಅಧಿಕಾರಿಯ ಹೆಸರು ಮತ್ತೊಂದು ಊರಿನ ಮತ್ತೊಂದು ಘಟನೆಯಲ್ಲೂ ಬರುತ್ತದೆ. ಎಲ್ಲವನ್ನೂ ಒಂದೇ ಪಟ್ಟಿಗೆ ತುರುಕಿದರೆ ಈ ಸಂಬಂಧ ಕಳೆದುಹೋಗುತ್ತದೆ. ಆದ್ದರಿಂದ ವ್ಯಕ್ತಿಗೊಂದು ಕಾರ್ಡು, ಘಟನೆಗೊಂದು ಕಾರ್ಡು, ಕೃತ್ಯಕ್ಕೊಂದು ಕಾರ್ಡು ಮಾಡಿ ಅವುಗಳ ನಡುವೆ ಕೊಂಡಿ ಹಾಕಬೇಕು. ಕಂಪ್ಯೂಟರ್ ಡೇಟಾಬೇಸ್ ಮಾಡುವ ಕೆಲಸ ಇದೇ. ಹುರಿಡಾಕ್ಸ್ ಈಗ 'ಉವಾಜಿ' ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಕೊಡುತ್ತಿದೆ. ಸ್ವಾಹಿಲಿ ಭಾಷೆಯಲ್ಲಿ ಆ ಪದಕ್ಕೆ ಮುಚ್ಚುಮರೆಯಿಲ್ಲದಿರುವುದು ಎಂಬ ಅರ್ಥವಿದೆ.

ಇಲಿ ಕಡಿದ ಎಂಟು ಕೋಟಿ ಹಾಳೆ

ಈ ಕೆಲಸದ ಬೆಲೆ ಏನೆಂದು ತಿಳಿಯಲು ಮಧ್ಯ ಅಮೆರಿಕದ ಗ್ವಾಟೆಮಾಲಾವನ್ನು ನೋಡಬೇಕು. ಅದು ಕರ್ನಾಟಕಕ್ಕಿಂತ ಚಿಕ್ಕ ದೇಶ. ಆಡಳಿತದ ಭಾಷೆ ಸ್ಪ್ಯಾನಿಷ್. ಆದರೆ ಮೂಲನಿವಾಸಿ ಮಾಯಾ ಜನರು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಆಡುತ್ತಾರೆ. 1960ರಿಂದ 1996ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ವಿಶ್ವಸಂಸ್ಥೆಯ ಬೆಂಬಲದಿಂದ ರಚನೆಯಾದ ಸತ್ಯಶೋಧನಾ ಆಯೋಗ 1999ರಲ್ಲಿ ಕೊಟ್ಟ ವರದಿಯ ಪ್ರಕಾರ ಸತ್ತವರು ಮತ್ತು ಕಣ್ಮರೆಯಾದವರು 2 ಲಕ್ಷಕ್ಕೂ ಹೆಚ್ಚು. ಗುರುತು ಪತ್ತೆಯಾದವರಲ್ಲಿ 83 ಶೇಕಡಾ ಮಾಯಾ ಜನ.

ಮನೆಯವರು ಠಾಣೆಗೆ ಅಲೆದರು. 'ನಮ್ಮಲ್ಲಿ ಯಾವ ದಾಖಲೆಯೂ ಇಲ್ಲ' ಎಂಬ ಉತ್ತರವೇ ವರ್ಷಗಟ್ಟಲೆ ಸಿಕ್ಕಿತು. 2005ರ ಜುಲೈಯಲ್ಲಿ ರಾಜಧಾನಿಯ ಪೊಲೀಸ್ ಆವರಣವೊಂದರಲ್ಲಿ ಸ್ಫೋಟಕ ಇಟ್ಟಿದ್ದಾರೆಂಬ ದೂರಿನ ಮೇಲೆ ಮಾನವ ಹಕ್ಕು ಅಧಿಕಾರಿಯ ಕಚೇರಿಯವರು ತಪಾಸಣೆಗೆ ಹೋದರು. ಅಲ್ಲಿ ಕೋಣೆ ಕೋಣೆಗಳಲ್ಲಿ ಕಾಗದದ ರಾಶಿ ಕಂಡಿತು. ಒದ್ದೆ ಗೋಡೆ, ಬೂಸ್ಟು, ಇಲಿ, ಬಾವಲಿ. ಅದು 1996ರ ಶಾಂತಿ ಒಪ್ಪಂದದ ನಂತರ ವಿಸರ್ಜನೆಯಾದ ರಾಷ್ಟ್ರೀಯ ಪೊಲೀಸ್ ಇಲಾಖೆಯ ಕಡತಗಳ ಸಂಗ್ರಹ. 19ನೇ ಶತಮಾನದ ಕೊನೆಯಿಂದ ಹಿಡಿದು ಇಲಾಖೆ ಮುಚ್ಚುವವರೆಗಿನ ಕಾಗದ. ಒಟ್ಟು ಸುಮಾರು 8 ಕೋಟಿ ಹಾಳೆ ಇರಬಹುದೆಂದು ಅಂದಾಜು.

ಮುಂದಿನ ಕೆಲಸ ಕೇಳುವಷ್ಟು ಸುಲಭವಾಗಿರಲಿಲ್ಲ. ಹಳೆಯ ಹೋರಾಟಗಾರ ಗುಸ್ತಾವೊ ಮೆಯೊನ್ಯೊ ಅವರ ನೇತೃತ್ವದಲ್ಲಿ ನೂರಕ್ಕೂ ಹೆಚ್ಚು ಮಂದಿ ಮುಖಕ್ಕೆ ಮಾಸ್ಕ್, ಕೈಗೆ ಗವಸು ಹಾಕಿಕೊಂಡು ಕುಳಿತರು. ಅವರಲ್ಲಿ ಕಣ್ಮರೆಯಾದವರ ಬಂಧುಗಳೂ ಇದ್ದರು. ಹಾಳೆ ಹಾಳೆಯ ಧೂಳು ಒರೆಸಿ, ತುಕ್ಕು ಹಿಡಿದ ಪಿನ್ನು ಬಿಡಿಸಿ, ಸ್ಕ್ಯಾನ್ ಮಾಡಿದರು. ಹತ್ಯೆ, ಅಪಹರಣ ಹೆಚ್ಚಾಗಿದ್ದ 1975ರಿಂದ 1985ರವರೆಗಿನ ಕಡತಗಳಿಗೆ ಮೊದಲ ಗಮನ.

ಇಲ್ಲೊಂದು ಮುಖ್ಯ ವಿಷಯವಿದೆ. ಸಿಕ್ಕಿದ ಕಾಗದವನ್ನು ಅವರು 'ಕೊಲೆ', 'ಅಪಹರಣ' ಎಂದು ತಮಗೆ ಬೇಕಾದಂತೆ ವಿಂಗಡಿಸಲಿಲ್ಲ. ಯಾವ ಕಚೇರಿಯಲ್ಲಿ ಹುಟ್ಟಿದ ಕಾಗದವೋ ಆ ಕಚೇರಿಯ ಕಟ್ಟಿನಲ್ಲೇ ಇಟ್ಟರು. ಏಕೆಂದರೆ ಒಂದು ಹಾಳೆಯಲ್ಲಿ ಏನು ಬರೆದಿದೆ ಎಂಬುದು ಅರ್ಧ ಸಾಕ್ಷಿ; ಅದು ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತು ಎಂಬುದು ಉಳಿದರ್ಧ. ಆದೇಶ ಕೊಟ್ಟವರು ಯಾರು, ವರದಿ ಓದಿದವರು ಯಾರು ಎಂಬುದನ್ನು ಆ ಜಾಡೇ ಹೇಳುತ್ತದೆ.

ಒಂದು ಶಿಫಾರಸು ಪತ್ರ

1984ರ ಫೆಬ್ರುವರಿ 18ರಂದು ರಾಜಧಾನಿಯ ಬೀದಿಯಲ್ಲಿ ಎಡ್ಗರ್ ಫರ್ನಾಂಡೊ ಗಾರ್ಸಿಯಾ ಎಂಬ ಯುವಕ ಕಣ್ಮರೆಯಾದ. ಆತ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಕಾರ್ಮಿಕ ಸಂಘದ ಕಾರ್ಯಕರ್ತ. ಮನೆಯಲ್ಲಿ ಹೆಂಡತಿ ನೀನೆತ್ ಮಾಂಟೆನೆಗ್ರೊ ಮತ್ತು ಪುಟ್ಟ ಮಗಳು. ಆಸ್ಪತ್ರೆ, ಜೈಲು, ಶವಾಗಾರ ಸುತ್ತಿದ ನೀನೆತ್ ಅಲ್ಲಲ್ಲಿ ತನ್ನಂತೆಯೇ ಹುಡುಕುತ್ತಿದ್ದ ಹೆಂಗಸರನ್ನು ಕಂಡಳು. ಅವರೆಲ್ಲ ಸೇರಿ ಅದೇ ವರ್ಷ 'ಪರಸ್ಪರ ಬೆಂಬಲ ಗುಂಪು' ಕಟ್ಟಿಕೊಂಡರು. ಅರ್ಜಿ ಬರೆದರು, ಹೆಸರು ತಾರೀಖು ಪಟ್ಟಿ ಮಾಡಿದರು. ಇಪ್ಪತ್ತು ವರ್ಷ ಅದಕ್ಕೆ ಉತ್ತರ ಸಿಗಲಿಲ್ಲ.

ಪೊಲೀಸ್ ಕಡತಗಳ ರಾಶಿಯಲ್ಲಿ ಆ ಉತ್ತರ ಬಿದ್ದುಕೊಂಡಿತ್ತು. ಅದೇ ದಿನ, ಅದೇ ಜಾಗದಲ್ಲಿ ನಡೆಸಿದ ಕಾರ್ಯಾಚರಣೆಗಾಗಿ ಕೆಲವು ಪೊಲೀಸರಿಗೆ ಪದಕ ಕೊಡಬೇಕೆಂದು ಮೇಲಧಿಕಾರಿ ಶಿಫಾರಸು ಮಾಡಿದ ಕಾಗದ ಸಿಕ್ಕಿತು. ಹೊಗಳಿಕೆಗಾಗಿ ಬರೆದ ಹಾಳೆಯೇ ಸಾಕ್ಷಿಯಾಯಿತು. ಆದರೆ ಆ ಶಿಫಾರಸಿಗೆ ಅರ್ಥ ಬಂದದ್ದು ಮನೆಯವರು 1984ರಲ್ಲೇ ದಿನ, ಜಾಗಗಳನ್ನು ದಾಖಲಿಸಿ ಇಟ್ಟಿದ್ದರಿಂದ. ಎರಡೂ ಕಡೆಯ ತಾರೀಖು ತಾಳೆಯಾದಾಗ ಕೊಂಡಿ ಕೂಡಿತು. 2010ರ ಅಕ್ಟೋಬರ್‌ನಲ್ಲಿ ಇಬ್ಬರು ಮಾಜಿ ಪೊಲೀಸರಿಗೆ ತಲಾ 40 ವರ್ಷ ಶಿಕ್ಷೆಯಾಯಿತು. 2013ರಲ್ಲಿ ಅಂದಿನ ರಾಷ್ಟ್ರೀಯ ಪೊಲೀಸ್ ಮುಖ್ಯಸ್ಥರಿಗೂ ಅಷ್ಟೇ ಶಿಕ್ಷೆಯಾಯಿತು.

ಆ ಮೊಕದ್ದಮೆಯಲ್ಲಿ ಅಂಕಿಅಂಶ ತಜ್ಞ ಡೇನಿಯಲ್ ಗುಜ್ಮಾನ್ ಸಾಕ್ಷಿ ಹೇಳಿದ್ದು ವಿಶೇಷ. 8 ಕೋಟಿ ಹಾಳೆಯನ್ನು ಓದಿ ಮುಗಿಸಲು ಒಂದು ಜನ್ಮ ಸಾಲದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಆದರೆ ಆ ಅಗುಳನ್ನು ಮೇಲಿನಿಂದ ಮಾತ್ರ ತೆಗೆದರೆ ತಳದ ಅನ್ನದ ಸುದ್ದಿ ತಿಳಿಯದು. ಅದಕ್ಕೆ ಕಟ್ಟಡದ ಎಲ್ಲ ಮೂಲೆಗಳಿಂದ ಚೀಟಿ ಎತ್ತಿದಂತೆ ಹಾಳೆಗಳನ್ನು ಆರಿಸಿ ಲೆಕ್ಕ ಹಾಕಿದರು. ಕೆಳಗಿನ ಠಾಣೆಗಳ ಸುದ್ದಿ ಮೇಲಿನವರೆಗೆ ಹೇಗೆ ಹರಿಯುತ್ತಿತ್ತು ಎಂಬುದು ಆ ಲೆಕ್ಕದಿಂದ ನ್ಯಾಯಾಲಯಕ್ಕೆ ತಿಳಿಯಿತು.

ಇನ್ನೊಂದು ಪ್ರತಿ ಎಲ್ಲಿದೆ?

ದಾಖಲೆ ಸಿಕ್ಕಿದ ಮಾತ್ರಕ್ಕೆ ಉಳಿಯುತ್ತದೆ ಎಂದಲ್ಲ. ಈ ಸಂಗ್ರಹದ ಸ್ಕ್ಯಾನ್ ಪ್ರತಿಯನ್ನು ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಇಡಲಾಯಿತು. 2011ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯ ಸುಮಾರು 1 ಕೋಟಿ ಹಾಳೆಗಳ ಚಿತ್ರವನ್ನು ಎಲ್ಲರೂ ನೋಡುವಂತೆ ಅಂತರ್ಜಾಲಕ್ಕೆ ಹಾಕಿತು. 2018ರ ಆಗಸ್ಟ್‌ನಲ್ಲಿ ಮೆಯೊನ್ಯೊ ಅವರನ್ನು ಹುದ್ದೆಯಿಂದ ತೆಗೆದರು. ಹಣ, ಸಿಬ್ಬಂದಿ ಕಡಿಮೆಯಾಯಿತು. ಮೂಲ ಕಾಗದದ ಗತಿ ಏನಾಗುತ್ತದೋ ಎಂಬ ಆತಂಕ ಹುಟ್ಟಿದಾಗ ಸಮಾಧಾನ ಕೊಟ್ಟದ್ದು ಹೊರಗಿದ್ದ ಆ ಪ್ರತಿಗಳು.

ಚಿಲಿ ದೇಶದವರು ಇದನ್ನು ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಅರಿತಿದ್ದರು. 1973ರ ಸೇನಾಕ್ರಾಂತಿಯ ನಂತರ ಅಲ್ಲಿ ಸಾವಿರಾರು ಮಂದಿಯ ಬಂಧನವಾಯಿತು. 1976ರಲ್ಲಿ ಸಾಂಟಿಯಾಗೊದ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಆರಂಭಿಸಿದ ನೆರವು ಕಚೇರಿ, ಬಂದ ಪ್ರತಿ ಕುಟುಂಬದ ಹೇಳಿಕೆಯನ್ನು ಬರೆದುಕೊಂಡು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುತ್ತಿತ್ತು. ಆ ಅರ್ಜಿಗಳನ್ನು ಅಂದಿನ ನ್ಯಾಯಾಲಯಗಳು ಬಹುಪಾಲು ತಳ್ಳಿಹಾಕಿದವು. ಗೆಲ್ಲುವುದಿಲ್ಲ ಎಂದು ಗೊತ್ತಿದ್ದೂ ವಕೀಲರು ಹಾಕುತ್ತಲೇ ಹೋದರು. ಸರ್ವಾಧಿಕಾರ ಮುಗಿದು 1990ರಲ್ಲಿ ತನಿಖಾ ಆಯೋಗ ಕುಳಿತಾಗ ಅದಕ್ಕೆ ಆಧಾರವಾದದ್ದು ಇದೇ ಕಡತಗಳು. ತಿರಸ್ಕಾರವಾದ ಅರ್ಜಿಯೂ ವ್ಯರ್ಥವಲ್ಲ. ಅದರಲ್ಲಿ ತಾರೀಖು ಇರುತ್ತದೆ, ಸ್ವೀಕರಿಸಿದ ಮುದ್ರೆ ಇರುತ್ತದೆ.

ಮಾತೃಭಾಷೆ ಎಂಬ ಕಾಲಂ

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು ದಕ್ಷಿಣ ಅಮೆರಿಕದ ಪೆರು ದೇಶದ ಕಥೆ. 1980ರಿಂದ 2000ದವರೆಗೆ ಅಲ್ಲಿ ಸಶಸ್ತ್ರ ಗುಂಪುಗಳ ಮತ್ತು ಸರ್ಕಾರಿ ಪಡೆಗಳ ನಡುವೆ ಕದನ ನಡೆಯಿತು. ಸತ್ಯಶೋಧನಾ ಆಯೋಗ ಹಳ್ಳಿ ಹಳ್ಳಿ ಸುತ್ತಿ ಸುಮಾರು 17 ಸಾವಿರ ಹೇಳಿಕೆ ಸಂಗ್ರಹಿಸಿತು. ಹೆಸರು ಸಮೇತ ವರದಿಯಾದ ಸಾವು, ಕಣ್ಮರೆ ಸುಮಾರು 24 ಸಾವಿರ. ಆದರೆ 2003ರ ಅಂತಿಮ ವರದಿಯಲ್ಲಿ ಆಯೋಗ ಕೊಟ್ಟ ಅಂದಾಜು 69 ಸಾವಿರಕ್ಕೂ ಹೆಚ್ಚು.

ಉಳಿದ ಸಂಖ್ಯೆ ಬಂದದ್ದು ಎಲ್ಲಿಂದ? ಊರಹಬ್ಬಕ್ಕೆ ಬಂದವರ ಪಟ್ಟಿಯನ್ನು ಇಬ್ಬರು ಒಬ್ಬರಿಗೊಬ್ಬರು ತಿಳಿಯದಂತೆ ಬರೆದರು ಎಂದುಕೊಳ್ಳಿ. ಇಬ್ಬರ ಪಟ್ಟಿಯಲ್ಲೂ 100 ಹೆಸರು, ಅದರಲ್ಲಿ 50 ಎರಡರಲ್ಲೂ ಇವೆ. ಅಂದರೆ ಎರಡನೆಯವನು ಮೊದಲನೆಯವನ ಪಟ್ಟಿಯ ಅರ್ಧದಷ್ಟನ್ನು ಮಾತ್ರ ಕಂಡಿದ್ದಾನೆ. ಹಬ್ಬಕ್ಕೆ ಬಂದ ಎಲ್ಲರಲ್ಲೂ ಅವನು ಅರ್ಧವನ್ನೇ ಕಂಡಿರಬಹುದು. ಹಾಗಾಗಿ ಬಂದವರು ಸುಮಾರು 200. ಅಂಕಿಅಂಶ ತಜ್ಞ ಪ್ಯಾಟ್ರಿಕ್ ಬಾಲ್ ಮತ್ತು ಸಂಗಡಿಗರು ಇದೇ ತತ್ವವನ್ನು ಆಯೋಗ, ಸರ್ಕಾರಿ ಕಚೇರಿ, ಸ್ವಯಂಸೇವಾ ಸಂಸ್ಥೆಗಳ ಪಟ್ಟಿಗಳ ಮೇಲೆ ಬಳಸಿದರು. ಪೆರುವಿನ ಅಂದಾಜಿನ ಬಗ್ಗೆ ತಜ್ಞರಲ್ಲಿ ಮುಂದೆ ವಾದ ನಡೆದದ್ದೂ ಉಂಟು. ವಾದ ಸಾಧ್ಯವಾದದ್ದೇ ಪಟ್ಟಿಗಳು ಕೈಯಲ್ಲಿದ್ದುದರಿಂದ.

ಆದರೆ ಸಂಖ್ಯೆಗಿಂತ ದೊಡ್ಡ ಸತ್ಯ ಹೊರಬಿದ್ದದ್ದು ಒಂದು ಸಣ್ಣ ಕಾಲಂನಿಂದ. ಹೇಳಿಕೆ ಬರೆದುಕೊಂಡವರು ಬಲಿಯಾದವರ ಮಾತೃಭಾಷೆ ಯಾವುದೆಂದೂ ಕೇಳಿದ್ದರು. ಸತ್ತವರಲ್ಲಿ 75 ಶೇಕಡಾ ಮಂದಿಯ ಮನೆಮಾತು ಕೆಚುವಾ ಅಥವಾ ಬೇರೆ ಮೂಲನಿವಾಸಿ ಭಾಷೆ. 1993ರ ಜನಗಣತಿಯಂತೆ ದೇಶದಲ್ಲಿ ಅಂಥವರ ಪಾಲು 16 ಶೇಕಡಾ ಮಾತ್ರ. ಸ್ಪ್ಯಾನಿಷ್ ಮಾತನಾಡುವ ರಾಜಧಾನಿಗೆ ಈ ಸಾವುಗಳು ಏಕೆ ಕೇಳಿಸಲಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ಆ ಕಾಲಂ ಇಲ್ಲದಿದ್ದರೆ ಈ ಸತ್ಯವೂ ಇಲ್ಲ. ನಮೂನೆಯಲ್ಲಿ ಯಾವುದಕ್ಕೆ ಜಾಗವಿಲ್ಲವೋ ಅದು ವರದಿಯಲ್ಲಿ ಕಾಣುವುದಿಲ್ಲ.

ಗ್ವಾಟೆಮಾಲಾದಲ್ಲೂ ಭಾಷೆ ಹೀಗೆಯೇ ಮುನ್ನೆಲೆಗೆ ಬಂತು. 2013ರಲ್ಲಿ ಮಾಜಿ ಸರ್ವಾಧಿಕಾರಿ ರಿಯೊಸ್ ಮಾಂಟ್ ವಿಚಾರಣೆಯಲ್ಲಿ ಇಶಿಲ್ ಜನಾಂಗದ ಹೆಂಗಸರು ಗಂಡಸರು ತಮ್ಮದೇ ಭಾಷೆಯಲ್ಲಿ ದುಭಾಷಿಗಳ ಮೂಲಕ ಸಾಕ್ಷಿ ಹೇಳಿದರು. ಅವರ ಮಾತಿನ ಪಕ್ಕಕ್ಕೆ ಬಾಲ್ ಲೆಕ್ಕ ಇಟ್ಟರು: 1982ರ ಏಪ್ರಿಲ್‌ನಿಂದ 1983ರ ಜುಲೈವರೆಗೆ ಇಶಿಲ್ ಪ್ರದೇಶದಲ್ಲಿ ಸೇನೆ ಕೊಂದದ್ದು ಮೂಲನಿವಾಸಿಗಳಲ್ಲಿ ಸುಮಾರು 5.5 ಶೇಕಡಾ, ಉಳಿದವರಲ್ಲಿ 0.7 ಶೇಕಡಾ. ಎಂಟು ಪಟ್ಟು ವ್ಯತ್ಯಾಸ. ಮೇ 10ರಂದು 80 ವರ್ಷದ ಶಿಕ್ಷೆಯಾಯಿತು. ಹತ್ತೇ ದಿನದಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ಮರುವಿಚಾರಣೆ ಮುಗಿಯುವ ಮುನ್ನವೇ 2018ರಲ್ಲಿ ಆತ ತೀರಿಕೊಂಡ. ದಾಖಲೆ ಇದ್ದ ಮಾತ್ರಕ್ಕೆ ನ್ಯಾಯ ಖಚಿತವಲ್ಲ. ಆದರೆ 'ಹಾಗೇನೂ ನಡೆದೇ ಇಲ್ಲ' ಎಂದು ಹೇಳುವುದು ಕಷ್ಟವಾಗುತ್ತದೆ.

ಮೊಬೈಲ್ ಫೋಟೊ ಸಾಕ್ಷಿಯಾಗುವುದು ಹೇಗೆ

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಹೀಗಾಗಿ ಸಾಕ್ಷಿಗೆ ಕೊರತೆ ಇಲ್ಲ ಎನಿಸಬಹುದು. ಕಷ್ಟ ಬೇರೆ ಕಡೆ ಇದೆ: ಈ ಚಿತ್ರ ಎಲ್ಲಿಯದು, ಎಂದಿನದು, ತಿದ್ದಿಲ್ಲ ಎಂದು ನಂಬುವುದು ಹೇಗೆ?

ಸಿರಿಯಾ ಯುದ್ಧದಲ್ಲಿ ಜನರು ಲಕ್ಷಗಟ್ಟಲೆ ವಿಡಿಯೊ ತೆಗೆದು ಯೂಟ್ಯೂಬಿಗೆ ಹಾಕಿದರು. 2014ರಲ್ಲಿ ಆರಂಭವಾದ 'ಸಿರಿಯನ್ ಆರ್ಕೈವ್' ತಂಡ ಅವುಗಳನ್ನು ಇಳಿಸಿಕೊಂಡು, ಹಿನ್ನೆಲೆಯ ಕಟ್ಟಡ, ಗುಡ್ಡ, ನೆರಳುಗಳನ್ನು ಉಪಗ್ರಹ ಚಿತ್ರಕ್ಕೆ ಹೋಲಿಸಿ ಜಾಗ ಗುರುತಿಸುವ ಕೆಲಸ ಮಾಡಿತು. 2017ರಲ್ಲಿ ಹಿಂಸೆಯ ದೃಶ್ಯ ತೆಗೆದುಹಾಕಲೆಂದು ಯೂಟ್ಯೂಬ್ ಹೊಸ ಯಾಂತ್ರಿಕ ವ್ಯವಸ್ಥೆ ತಂದಾಗ ಸಾವಿರಾರು ಸಿರಿಯಾ ವಿಡಿಯೊಗಳು ಮಾಯವಾದವು. ಸಾಮಾಜಿಕ ಜಾಲತಾಣದಲ್ಲಿ ಹಾಕಿದ್ದೇವೆ, ಭದ್ರವಾಗಿದೆ ಎಂದುಕೊಳ್ಳುವಂತಿಲ್ಲ ಎಂಬ ಪಾಠ ಅಲ್ಲಿ ಸಿಕ್ಕಿತು.

2015ರಲ್ಲಿ ಅಂತಾರಾಷ್ಟ್ರೀಯ ವಕೀಲರ ಸಂಘವು 'ಐವಿಟ್ನೆಸ್' ಎಂಬ ಆ್ಯಪ್ ಹೊರತಂದಿತು. ಅದರಲ್ಲಿ ಫೋಟೊ ತೆಗೆದ ಕ್ಷಣವೇ ಸಮಯ, ಸ್ಥಳ, ಹತ್ತಿರದ ಮೊಬೈಲ್ ಗೋಪುರದ ಗುರುತು ಸೇರಿಕೊಳ್ಳುತ್ತವೆ. ಜತೆಗೆ ಆ ಕಡತದ 'ಹ್ಯಾಶ್' ಲೆಕ್ಕವಾಗುತ್ತದೆ. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಚಿತ್ರದ ಒಂದು ಚುಕ್ಕೆ ಬದಲಾದರೂ ಈ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಯಾರಾದರೂ ತಿದ್ದಿದರೆ ಸಿಕ್ಕಿಬೀಳುತ್ತಾರೆ. 2018ರಲ್ಲಿ ಕಾಂಗೋ ದೇಶದ ಸೇನಾ ನ್ಯಾಯಾಲಯವೊಂದು ಹಳ್ಳಿಗರ ಹತ್ಯೆಯ ಪ್ರಕರಣದಲ್ಲಿ ಈ ಆ್ಯಪಿನಿಂದ ತೆಗೆದ ಚಿತ್ರಗಳನ್ನು ಸಾಕ್ಷಿಯಾಗಿ ಪರಿಗಣಿಸಿತು.

ನಮ್ಮ ದೇಶದ ಕಾನೂನೂ ಇದೇ ದಾರಿಯಲ್ಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಜತೆ ಕೊಡಬೇಕಾದ ಪ್ರಮಾಣಪತ್ರದ ನಮೂನೆ ಇದೆ. ಅದರಲ್ಲಿ ಹ್ಯಾಶ್ ಬರೆಯಲು ಜಾಗವಿದೆ. ಪೋಷಕರು ತಿಳಿದಿರಬೇಕಾದ ಇನ್ನೊಂದು ಸಂಗತಿ: ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿನಂತೆ ಫೋಟೊ ಕಳುಹಿಸಿದರೆ ಅದು ಕುಗ್ಗುತ್ತದೆ, ಒಳಗಿನ ಸಮಯ ಸ್ಥಳಗಳ ವಿವರ ಅಳಿಸಿಹೋಗುತ್ತದೆ. ಆದ್ದರಿಂದ ಮೂಲ ಚಿತ್ರವನ್ನು ಫೋನಿನಿಂದ ಅಳಿಸಬಾರದು. ಕಳುಹಿಸಲೇಬೇಕಾದರೆ 'ಡಾಕ್ಯುಮೆಂಟ್' ರೂಪದಲ್ಲಿ ಕಳುಹಿಸುವುದು ಒಳ್ಳೆಯದು.

ಹೇಳಿದವರ ರಕ್ಷಣೆ

ದಾಖಲೆ ಎರಡು ಅಲಗಿನ ಕತ್ತಿ. ಹೇಳಿಕೆ ಕೊಟ್ಟವರ ಪಟ್ಟಿ ತಪ್ಪು ಕೈಗೆ ಸಿಕ್ಕಿದರೆ ಅದೇ ಅವರಿಗೆ ಅಪಾಯ. ಹೀಗಾಗಿ ಕ್ಯಾಲಿಫೋರ್ನಿಯಾದ ಬೆನೆಟೆಕ್ ಸಂಸ್ಥೆ 2003ರಲ್ಲಿ 'ಮಾರ್ಟಸ್' ಎಂಬ ತಂತ್ರಾಂಶ ಹೊರತಂದಿತು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಸಾಕ್ಷಿ ಎಂದರ್ಥ. ಬರೆದದ್ದು ಕೂಡಲೇ ಗೂಢಲಿಪಿಗೆ ಬದಲಾಗಿ, ಬೇರೆ ದೇಶದ ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿಯುತ್ತಿತ್ತು. ಕಚೇರಿಯ ಕಂಪ್ಯೂಟರನ್ನು ಹೊತ್ತೊಯ್ದರೂ ಹೆಸರು ಸಿಗದು, ದಾಖಲೆಯೂ ನಾಶವಾಗದು. 2018ರಲ್ಲಿ ಆ ತಂತ್ರಾಂಶದ ಕೆಲಸ ನಿಂತಿತು, ಆದರೆ ಅದರ ತತ್ವ ಉಳಿಯಿತು: ಕೇಳುವ ಮೊದಲು ಒಪ್ಪಿಗೆ ಪಡೆ, ಬೇಕಾದಷ್ಟನ್ನೇ ಬರೆ, ಹೆಸರನ್ನು ಬೇರೆಯಾಗಿ ಕಾಪಾಡು. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ಕೇಂದ್ರ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನು ಒತ್ತಿ ಹೇಳುತ್ತದೆ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಪುಸ್ತಕವಿಲ್ಲದ ತರಗತಿಯ ವಿಡಿಯೊ ತೆಗೆದು, ಮಕ್ಕಳ ಮುಖ, ಹೆಸರು ಸಮೇತ ಹತ್ತಾರು ಗುಂಪುಗಳಿಗೆ ಹಂಚುವುದು ದಾಖಲೆಯಲ್ಲ. ಖಾಲಿ ಕಪಾಟು, ವೇಳಾಪಟ್ಟಿ, ಹಾಜರಿ ಫಲಕ ತೋರಿಸಿದರೆ ಸಾಕು. ಮಗುವಿನ ಮೇಲೆ ದೌರ್ಜನ್ಯ ನಡೆದ ಪ್ರಕರಣವಾದರೆ ಗುರುತು ಬಯಲು ಮಾಡುವುದು ಪೋಕ್ಸೊ ಕಾಯ್ದೆಯಡಿ ಅಪರಾಧ. ಅಂಥದ್ದು ಪೊಲೀಸರಿಗೆ ಹೋಗಬೇಕು, ಗುಂಪಿಗಲ್ಲ.

ನಮ್ಮ ಶಾಲೆಯ ಕಡತ

ಈಗ ನಮ್ಮ ಅಂಗಳಕ್ಕೆ ಬರೋಣ. ಭಾಷಾವಾರು ಪ್ರಾಂತ್ಯ ರಚನೆಯಾದಾಗಲೇ ಗಡಿಯ ಮಕ್ಕಳ ಪ್ರಶ್ನೆ ಸಂವಿಧಾನದ ಮುಂದಿತ್ತು. 1956ರ ಏಳನೇ ತಿದ್ದುಪಡಿಯಲ್ಲಿ ಸೇರಿದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಕೊಡಲು ರಾಜ್ಯಗಳು ಯತ್ನಿಸಬೇಕು ಎನ್ನುತ್ತದೆ. 350-ಬಿ ವಿಧಿಯಂತೆ ಇದನ್ನು ನೋಡಿಕೊಳ್ಳಲು ವಿಶೇಷ ಅಧಿಕಾರಿ ಇದ್ದಾರೆ. ಅವರೇ ಭಾಷಾ ಅಲ್ಪಸಂಖ್ಯಾತರ ಆಯುಕ್ತರು. 1957ರಿಂದ ಈ ಕಚೇರಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ಇರಬೇಕು ಎಂದಿದೆ.

'ಸಾಕಷ್ಟು', 'ಸಾಧ್ಯವಾದಷ್ಟು' ಎಂಬ ಮಾತುಗಳು ರಬ್ಬರಿನಂತೆ. ಅವುಗಳನ್ನು ಎಳೆದು ಹಿಡಿಯಲು ಅಂಕಿ ಬೇಕು. ಎಷ್ಟು ದಿನ ಕನ್ನಡ ಬಲ್ಲ ಶಿಕ್ಷಕರಿರಲಿಲ್ಲ? ಎಷ್ಟು ಪಾಠ ತಪ್ಪಿತು? ಯಾರಿಗೆ ಎಂದು ತಿಳಿಸಲಾಯಿತು? ಇದಕ್ಕೆ ದುಬಾರಿ ತಂತ್ರಾಂಶ ಬೇಡ. ಒಂದು ನೋಟ್‌ಬುಕ್ಕು ಅಥವಾ ಮೊಬೈಲಿನ ಒಂದು ಸ್ಪ್ರೆಡ್‌ಶೀಟ್ ಸಾಕು. ಅದರಲ್ಲಿ ಪ್ರತಿ ಬಾರಿಯೂ ಇವೇ ಕಾಲಂ ಇರಲಿ:

ದಿನಾಂಕ ಮತ್ತು ತರಗತಿ. ಏನಾಯಿತು, ಒಂದೇ ವಾಕ್ಯದಲ್ಲಿ. ಎಷ್ಟು ಮಕ್ಕಳಿಗೆ ಅನ್ವಯ. ಹೆಸರು ಬೇಡ, ಸಂಖ್ಯೆ ಸಾಕು. ಕಣ್ಣಾರೆ ಕಂಡದ್ದೋ, ಮಕ್ಕಳು ಹೇಳಿದ್ದೋ, ಇನ್ನೊಬ್ಬರಿಂದ ಕೇಳಿದ್ದೋ. ಯಾರಿಗೆ, ಯಾವ ದಿನ ಬರೆದು ತಿಳಿಸಿದಿರಿ, ಸ್ವೀಕೃತಿ ಇದೆಯೇ. ಉತ್ತರ ಬಂದ ದಿನ ಮತ್ತು ಉತ್ತರ. ಸರಿಯಾದ ದಿನ.

ಕೊನೆಯ ಕಾಲಂ ಮರೆಯಬಾರದು. ಶಿಕ್ಷಕರು ಬಂದರು, ಪುಸ್ತಕ ಸಿಕ್ಕಿತು ಎಂಬುದನ್ನೂ ಬರೆಯುವ ಕಡತವನ್ನು ಅಧಿಕಾರಿಗಳೂ ನಂಬುತ್ತಾರೆ, ನ್ಯಾಯಾಲಯವೂ ನಂಬುತ್ತದೆ. ದೂರು ಮಾತ್ರ ಇರುವ ಕಡತಕ್ಕೆ ಆ ತೂಕ ಇರುವುದಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಮಾಡುವುದೂ ಇದೇ ಕಾರಣಕ್ಕೆ.

ಇದನ್ನು ಹಿಡಿದುಕೊಂಡು ಎಲ್ಲಿಗೆ ಹೋಗುವುದು? ಮೊದಲು ಮುಖ್ಯೋಪಾಧ್ಯಾಯರ ಬಳಿಗೆ. ಅನೇಕ ವೇಳೆ ಅವರೂ ಖಾಲಿ ಹುದ್ದೆಗಾಗಿ ಪತ್ರ ಬರೆದು ಸುಸ್ತಾಗಿರುತ್ತಾರೆ. ಅವರ ಪತ್ರದ ಪ್ರತಿ ನಿಮ್ಮ ಕಡತಕ್ಕೆ ಬಲ. ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆ ಸಮಿತಿಯ ನಡಾವಳಿ ಪುಸ್ತಕದಲ್ಲಿ ವಿಷಯ ದಾಖಲಾಗಲಿ. ಸರ್ಕಾರದ ಬಳಿ ಇರುವ ಅಂಕಿ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ದೇಶದ ಶಾಲೆಗಳೆಲ್ಲ ಪ್ರತಿವರ್ಷ ಯುಡೈಸ್ ನಮೂನೆ ತುಂಬುತ್ತವೆ. ಅದರಲ್ಲಿ ಬೋಧನಾ ಮಾಧ್ಯಮದ ಕಾಲಂ ಇದೆ. ನಿಮ್ಮ ಶಾಲೆಯ ಮಾಧ್ಯಮ 'ಕನ್ನಡ' ಎಂದೇ ದಾಖಲಾಗಿದೆಯೇ ಎಂದು ಒಮ್ಮೆ ಕೇಳಿ ನೋಡಿ. ಜನಗಣತಿಯವರು ಮನೆಗೆ ಬಂದಾಗ ಮಾತೃಭಾಷೆಯ ಕಾಲಂನಲ್ಲಿ ಏನು ಬರೆದುಕೊಂಡರು ಎಂಬುದನ್ನೂ ನೋಡಿ. ಪೆರುವಿನಲ್ಲಿ ಒಂದು ಕಾಲಂ ಏನು ಹೇಳಿತೆಂದು ಮೇಲೆ ಓದಿದ್ದೇವೆ.

ಇನ್ನು ಪ್ರತಿಯ ಮಾತು. ಒಂದು ಶಾಲೆಯಲ್ಲಿ, ಒಂದು ಒಬ್ಬ ಪೋಷಕರ ಮನೆಯಲ್ಲಿ, ಒಂದು ಬೇರೆ ಊರಿನ ನಂಬಿಕಸ್ಥರ ಬಳಿ. ಮಗು ಏಳನೆಯ ತರಗತಿ ಮುಗಿಸಿ ಹೋದೊಡನೆ ಪೋಷಕರೂ ಹೊರಟುಹೋಗುತ್ತಾರೆ, ಹೊಸಬರು ಮೊದಲಿನಿಂದ ಶುರು ಮಾಡುತ್ತಾರೆ. ಗಡಿ ಶಾಲೆಗಳ ಹೋರಾಟಕ್ಕೆ ಇದೇ ದೊಡ್ಡ ಸೋರಿಕೆ. ಕಡತವನ್ನು ಒಬ್ಬರಿಂದ ಒಬ್ಬರಿಗೆ ಸಹಿ ಹಾಕಿ ಒಪ್ಪಿಸುವ ಪದ್ಧತಿ ಮಾಡಿಕೊಂಡರೆ ಐದು ವರ್ಷದಲ್ಲಿ ಆ ಶಾಲೆಯ ಚರಿತ್ರೆಯೇ ಕೈಯಲ್ಲಿರುತ್ತದೆ. ಅಕ್ಕಪಕ್ಕದ ಹತ್ತು ಶಾಲೆಗಳು ಒಂದೇ ನಮೂನೆ ಬಳಸಿದರೆ ತಾಲ್ಲೂಕಿನ ಚಿತ್ರವೇ ಸಿಗುತ್ತದೆ.

ಗ್ವಾಟೆಮಾಲಾದ ಹೆಂಗಸರಿಗೆ 1984ರಲ್ಲಿ ಕಂಪ್ಯೂಟರ್ ಇರಲಿಲ್ಲ, ಕೇಳುವವರೂ ಇರಲಿಲ್ಲ. ಅವರು ಹೆಸರು, ದಿನ, ಜಾಗ ಬರೆದಿಟ್ಟರು. ಯಂತ್ರಗಳು ಬಂದಾಗ ಜೋಡಿಸಲು ಅವರ ಬಳಿ ಏನೋ ಇತ್ತು. ಈ ಶಾಲಾ ವರ್ಷದ ಮೊದಲ ಪೋಷಕರ ಸಭೆಗೆ ಹೋಗುವಾಗ ಒಂದು ಹೊಸ ನೋಟ್‌ಬುಕ್ಕು ಕೊಂಡುಹೋಗಿ. ಮೊದಲ ಪುಟದಲ್ಲಿ ಶಾಲೆಯ ಹೆಸರು, ಅದರ ಕೆಳಗೆ ಮಾಧ್ಯಮ: ಕನ್ನಡ, ಅದರ ಕೆಳಗೆ ಆ ದಿನದ ತಾರೀಖು.